ರಕ್ತದೊಳಗಿನ ಕಣಗಿಲೆ

ಆ ವಾರವೆಲ್ಲ ನನಗೆ ಒಂದೇ ಕನಸು. ಮೈಯೊಳಗೊಂದು ಕಣಗಿಲೆ ಗಿಡ. ಬೇರು ಎದೆಯಲ್ಲಿ, ಹೂವು ಕಣ್ಣ ಹಿಂದೆ. ಗಾಳಿಯಿಲ್ಲದೆಯೂ ತೂಗುತ್ತಿತ್ತು.

ಕನಸು ಹಚ್ಚಿದವಳು ಪಕ್ಕದ ಮನೆ ಗೌಹರಳ ಮಗಳು ಸಾದಿಯಾ. ತುಮಕೂರಿನಲ್ಲಿ ಅವಳದು ಸಂಶೋಧನೆ. ಕಣಗಿಲೆಯಂಥ ಗಿಡಗಳಲ್ಲಿ ಎದೆಬಡಿತವನ್ನೇ ಹಿಡಿಯುವ ಸ್ಟೀರಾಯ್ಡ್ ಜಾತಿಯ ವಿಷ ಇದೆಯಂತೆ. ಅಂಥದ್ದು ಮನುಷ್ಯರ ಮೈಯಲ್ಲೂ ತಾನಾಗಿ ಹುಟ್ಟುತ್ತದೆ ಎಂದು ಕೆಲವರು. ಇಲ್ಲ, ಹೊರಗಿನಿಂದ ಬಂದದ್ದು ಎಂದು ಕೆಲವರು. ವರ್ಷಗಟ್ಟಲೆಯ ಜಗಳ. ಅವಳ ಗುರುಗಳು ಇಲ್ಲವೆನ್ನುವವರ ಪೈಕಿ, ಇವಳು ಒಪ್ಪಳು. ಹೊರಗಿನದೇನೂ ಮೈಗೆ ಸೇರದಂತೆ ನಮ್ಮ ಶಿರಾದ ಕೆಲವರಿಗೆ ಗಂಜಿ, ಮಜ್ಜಿಗೆಯ ಪಥ್ಯ ಹಿಡಿಸಿ ರಕ್ತ ತೆಗೆದಳು. ನನ್ನದರಲ್ಲಿ ಮಾತ್ರ ಅದು ಸಿಕ್ಕಿತು.

"ಅಜ್ಜಿ, ನಿಮ್ ಮೈನೇ ಅದನ್ನ ಮಾಡ್ತೈತೆ! ನಾಳೆ ಸಾರ್ ಮುಂದೆ ಇಡ್ತೀನಿ. ನನ್ ಪಿಎಚ್‌ಡಿನೇ ನಿಮ್ ಮೇಲೆ ನಿಂತೈತೆ" ಎಂದು ಸಾದಿಯಾ ಕುಣಿದಳು.

ಗೌಹರ್ ನಕ್ಕಳು. "ಅರೆ ಹನುಮಕ್ಕ, ನಿನ್ ನಾಲಗೇಲಿ ವಿಷ ಐತೆ ಅಂತ ನಾನು ಯಾವಾಗ್ಲೋ ಹೇಳಿದ್ದೆ. ರಕ್ತದಾಗೂ ಐತಂತಲ್ಲ!"

"ಸುಮ್ಕಿರೇ" ಎಂದೆ. ಒಳಗೊಳಗೇ ಹಿಗ್ಗು. ಬುದ್ಧಿ ಬಂದಾಗಿನಿಂದ ಹೂ ಕಟ್ಟಿದವಳು. ಹೂವೇ ನನ್ನೊಳಗೆ ಬಂದು ಮನೆ ಮಾಡಿದೆ ಎನಿಸಿತು.

ಮರುದಿನ ಬೆಳಗ್ಗೆ ಎಳೆಬಿಸಿಲು ಹಾಲಿನಂತೆ ಜಗಲಿಯ ಮೇಲೆ ಚೆಲ್ಲಿತ್ತು. ಸಾದಿಯಾ ಬಸ್ಸಿಗೆ ಕಾಯುತ್ತ ಟೀ ಕುಡಿಯುತ್ತಿದ್ದಳು. ನಾನು ಗುಡಿಗೆ ಕಣಗಿಲೆ ಕಟ್ಟುತ್ತಿದ್ದೆ. ತೊಟ್ಟಿನ ಹಾಲು ಹತ್ತಿದ ಬಾಳೆನಾರನ್ನು ಹಲ್ಲಲ್ಲಿ ಕಚ್ಚಿ, ಎಂಜಲಲ್ಲಿ ನೆನೆಸಿ, ಗಂಟು ಬಿಗಿಯುವುದು. ಅಮ್ಮ ಕಲಿಸಿದ್ದೇ ಹಾಗೆ.

ಟೀ ಲೋಟ ಅವಳ ತುಟಿಯ ಹತ್ತಿರವೇ ನಿಂತಿತು.

"ಅಜ್ಜಿ, ದಿನಾ ನಾರು ಬಾಯಾಗಿಟ್ಕಂಡೇ ಕಟ್ತೀರಾ?"

"ಇನ್ನೆಲ್ಲಿ ಇಟ್ಕಳ್ಳಾದು? ದೇವ್ರು ಮೂರ್ನೇ ಕೈ ಕೊಟ್ಟವ್ನಾ?"

"ಪಥ್ಯದಾಗೂವಾ? ಕಣಗಿಲೆ ತಿನ್ಬ್ಯಾಡಿ ಅಂದಿದ್ನಲ್ಲ!"

"ತಿಂದಿಲ್ಲ ಕಣಮ್ಮ. ಮೇಕೆ ಮೂಸಾಕಿಲ್ಲ, ನಾ ತಿಂತೀನಾ?"

ಅವಳು ಲೋಟ ಕೆಳಗಿಟ್ಟಳು. ನಾರನ್ನೇ ನೋಡಿದಳು. ನಾರಿಗೆ ಹತ್ತಿದ ಹಾಲು ದಿನವೂ ಎಂಜಲ ಜೊತೆ ಒಳಗಿಳಿದಿದೆ ಎಂದು ನನಗೂ ನಿಧಾನಕ್ಕೆ ಹೊಳೆಯಿತು.

"ಯಾರೂ ಕಂಡಿಲ್ಲ ಬುಡು. ನಾ ಬಾಯಿ ಬಿಡಾಕಿಲ್ಲ" ಎಂದೆ.

ಬಸ್ಸು ಹಾರನ್ ಹೊಡೆಯಿತು. ಅವಳು ಏಳಲಿಲ್ಲ. ಫೋನ್ ಎತ್ತಿದಳು.

"ಸಾರ್, ಹನುಮಕ್ಕಜ್ಜಿ ರಕ್ತದ್ದು ಲೆಕ್ಕಕ್ಕೆ ಬರಲ್ಲ. ಹೊರಗಿಂದ ಹೋಗಿರ್ಬೋದು. ತಪ್ಪು ನಂದೇ, ಸರಿಯಾಗಿ ಕೇಳ್ಳಿಲ್ಲ."

ಆ ಕಡೆಯವರು ಏನೆಂದರೋ ತಿಳಿಯದು. ಸಾದಿಯಾ ಕಣ್ಣೊರೆಸಿಕೊಂಡು ನನ್ನ ಪಕ್ಕಕ್ಕೆ ಜರುಗಿದಳು.

"ಅಜ್ಜಿ, ಒಂದು ತಿಂಗ್ಳು ಹೂವ ಮುಟ್ದಂಗೆ ಇರ್ತೀರಾ? ಮತ್ತೆ ನೋಡಾನ."

ಅರ್ಧ ಕಟ್ಟಿದ ಹಾರವನ್ನು ಒಳಗಿದ್ದ ಸೊಸೆಗೆ ಕೊಟ್ಟು ಬಾಯಿ ಮುಕ್ಕಳಿಸಿ ಬಂದೆ. ಮತ್ತೆ ಅವಳ ಪಕ್ಕದಲ್ಲೇ ಕುಳಿತೆ. ಬರಿಗಾಳಿಯಲ್ಲಿ ನನ್ನ ಬೆರಳುಗಳು ತಮ್ಮಷ್ಟಕ್ಕೆ ಗಂಟು ಹಾಕುತ್ತಿದ್ದವು.