ಒಂದೇ ಬೆರಳಿನ ವ್ಯಾಯಾಮ

ಈ ಪಟ್ಟಣದಲ್ಲಿ ಯಾರಾದರೂ ಮಂಡಿ ಮಡಚದೆ ಆಕಾಶದ ಹತ್ತಿರ ಹೋಗುತ್ತಿದ್ದಾರೆಂದರೆ ಅದು ನನ್ನ ದಯೆ. ನಾನು ಲಿಫ್ಟ್ ಮೆಕ್ಯಾನಿಕ್. ಅಂಥಿಂಥ ಮೆಕ್ಯಾನಿಕ್ ಅಲ್ಲ. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟರೆ ಸಾಕು, ಮೇಲೆ ಯಾವ ಬೇರಿಂಗಿಗೆ ನೆಗಡಿಯಾಗಿದೆ, ಯಾವ ಹಗ್ಗಕ್ಕೆ ಬೆನ್ನುನೋವು ಶುರುವಾಗಿದೆ ಎಂದು ಹೇಳಿಬಿಡುತ್ತೇನೆ. ನಾನು ಕೆಮ್ಮಿದರೆ ನಿಂತ ಲಿಫ್ಟು ಹೊರಡುತ್ತದೆ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಮೊದಲಿಗ ನಾನೇ ಎಂಬುದು ಬೇರೆ ಮಾತು.

ಇಂಥ ನಾನು ಒಂದು ಬೆಳಿಗ್ಗೆ, ಬಾಟಲಿಗೆ ಬಿರಡೆ ಜಡಿದ ಹಾಗೆ, ಒಂದು ಕಿಂಡಿಯಲ್ಲಿ ಸಿಕ್ಕಿಕೊಂಡೆ.

ಅದೊಂದು ಹಳೆಯ ಕಟ್ಟಡ. ಲಿಫ್ಟಿನ ಮೆಷಿನ್ ಇರುವುದು ತಾರಸಿಯ ಮೇಲಿನ ಪುಟ್ಟ ಕೋಣೆಯಲ್ಲಿ. ಕೊನೆಯ ಮಹಡಿಯ ಗೋಡೆಗೆ ಕಬ್ಬಿಣದ ಏಣಿ ಹೊಡೆದಿದ್ದಾರೆ. ಏಣಿ ಹತ್ತಿ, ಸೂರಿನಲ್ಲಿರುವ ಚೌಕದ ಕಿಂಡಿಯಲ್ಲಿ ತೂರಿ ಮೇಲೆ ಹೋಗಬೇಕು. ಮೆಕ್ಯಾನಿಕ್ಕುಗಳಿಗೆ ಸಂಬಳವನ್ನೇ ಕೊಡದಿದ್ದ ಕಾಲದಲ್ಲಿ ಕಟ್ಟಿದ್ದಿರಬೇಕು, ಅಷ್ಟು ಸಣ್ಣ ಕಿಂಡಿ. ಹಿಂದಿನ ವರ್ಷ ಅದರಲ್ಲಿ ಇಲಿಯ ಹಾಗೆ ನುಸುಳಿದ್ದೆ. ಈ ಸಲ ತಲೆ ಹೋಯಿತು, ಎದೆ ಹೋಯಿತು, ಹೊಟ್ಟೆ ಮಾತ್ರ 'ನೀವು ಮುಂದೆ ನಡೀರಿ, ನಾನು ಬರ್ತೀನಿ' ಎಂದು ಕೆಳಗೇ ಉಳಿಯಿತು. ನನ್ನ ಮೇಲಿನ ಅರ್ಧ ಮೆಷಿನ್ ನೋಡುತ್ತಿತ್ತು. ಕೆಳಗಿನ ಅರ್ಧವನ್ನು ಇಡೀ ಕಟ್ಟಡ ನೋಡುತ್ತಿತ್ತು.

ಅದೇ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿದೆ. ಅವರೂ ಅವರ ರೋಗಿಗಳೂ ಹೊರಗೆ ಬಂದರು. ರೋಗಿಗಳಂತೂ ತೆರೆದ ಬಾಯಿ ಮುಚ್ಚದೆಯೇ ಬಂದಿದ್ದರು.

"ಇಂಥದ್ದನ್ನ ನಾವು ಹಾಗೇ ಎಳೆಯೋದಿಲ್ಲ," ಎಂದರು ಡಾಕ್ಟರು. "ಮೊದಲು ಎರಡೂ ಕಡೆಗೆ ಅಲ್ಲಾಡಿಸಿ ಸಡಿಲ ಮಾಡ್ಕೋತೀವಿ."

ನನ್ನ ಕೈಕೆಳಗಿನ ಮೆಕ್ಯಾನಿಕ್ ಒಂದು ಕಾಲು, ಡಾಕ್ಟರು ಇನ್ನೊಂದು ಕಾಲು ಹಿಡಿದು ಹಾಗೆಯೇ ಮಾಡಿದರು. ನಾನು ಕೋರೆಹಲ್ಲಿನಂತೆ ಕಿತ್ತುಬಂದೆ. ಆ ಮೆಕ್ಯಾನಿಕ್ಕಿಗೆ ನಾವೆಲ್ಲ ಕರೆಯುವುದು ಕಡ್ಡಿ ಎಂದು. ಅವನು ಪಕ್ಕಕ್ಕೆ ತಿರುಗಿ ನಿಂತರೆ ಹಾಜರಿ ತೆಗೆಯುವವರು ಗೈರು ಹಾಕುತ್ತಾರೆ.

ಸುದ್ದಿ ಕೇಳಿ ನಮ್ಮ ಮೇಲ್ವಿಚಾರಕರು ಬಂದರು. ಅವರ ಕೈಯಲ್ಲಿ ಸದಾ ಉಕ್ಕಿನ ಅಳತೆ ಟೇಪು ಇರುವುದರಿಂದ ಅವರು ಟೇಪ್ ಸಾಹೇಬರು. ಸರ್ರನೆ ಟೇಪು ಎಳೆದು ಕಿಂಡಿ ಅಳೆದರು, ನನ್ನ ಸೊಂಟ ಅಳೆದರು, ನಿಟ್ಟುಸಿರು ಬಿಟ್ಟರು.

"ಕಿಂಡಿಯಂತೂ ಬೆಳೆಯೋದಿಲ್ಲ ಕಣಯ್ಯ. ವರ್ಷದ ತಪಾಸಣೆ ಬರ್ತಿದೆ, ಅಷ್ಟರಲ್ಲಿ ನೀನೇ ಇಳೀಬೇಕು. ಆಗಲಿಲ್ವೋ, ಮೇಲಿನ ಕೆಲಸ ಕಡ್ಡಿಗೆ, ನಿನಗೆ ಫೋನು."

ಫೋನು ಎಂದರೆ ಆಫೀಸಿನ ಗಾಜಿನ ಗೂಡಿನಲ್ಲಿ ಕುಳಿತು 'ಲಿಫ್ಟ್ ನಿಂತಿದೆ' ಎನ್ನುವವರಿಗೆಲ್ಲ 'ಗಾಬರಿ ಆಗ್ಬೇಡಿ, ಜನ ಬರ್ತಾರೆ' ಎನ್ನುವುದು. ಜಂಬ ಬದಿಗಿಟ್ಟು ಹೇಳುತ್ತೇನೆ, ಆ ಮಾತು ಕೇಳಿ ನಾನು ಹೆದರಿದೆ. ಆ ಜನ ನಾನೇ ಆಗಿದ್ದೆ. ನನಗೆ ಬೇರೆ ವಿದ್ಯೆ ಬರುವುದಿಲ್ಲ. ಮೆಷಿನ್ನಿನ ಪಕ್ಕದಲ್ಲಿ ನಿಂತಾಗ ಮಾತ್ರ ನಾನು ಬಿಡುವ ಬಡಾಯಿಯಲ್ಲಿ ಅರ್ಧವಾದರೂ ನಿಜವಾಗಿರುತ್ತದೆ.

ಮನೆಯಲ್ಲಿ ಇನ್ನೊಂದು ಟೇಪು ಕಾದಿತ್ತು. ನನ್ನ ಹೆಂಡತಿ ಕಿಟಕಿ ಪರದೆ ಹೊಲಿಯುವವಳು. ಬಟ್ಟೆಯ ಟೇಪು ಅವಳ ಕೊರಳಿನಿಂದ ಇಳಿಯುವುದೇ ಇಲ್ಲ.

"ರೀ, ನಿಮ್ಮ ಪ್ಯಾಂಟಲ್ಲಿ ಬಿಚ್ಚಿ ಅಗಲ ಮಾಡೋಕೆ ಇನ್ನು ಬಟ್ಟೆ ಉಳಿದಿಲ್ಲ," ಎಂದಳು. "ಮುಂದಿನದನ್ನ ಪರದೆ ಬಟ್ಟೇಲೇ ಹೊಲೀತೀನಿ. ನಿಂತ ಕಡೆ ಬಿಸಿಲಾದ್ರೂ ತಡೀಬಹುದು."

"ನೋಡ್ತಿರು," ಎಂದೆ. "ತಪಾಸಣೆ ದಿನ ನನ್ನನ್ನ ಸೂಜಿಗೆ ಪೋಣಿಸ್ತೀಯ."

ಮಾರನೆಯ ದಿನವೇ ಮನೆ ಗರಡಿಯಾಯಿತು. ಡಂಬೆಲ್ಲು ಬಂತು, ಹಾರುವ ಹಗ್ಗ ಬಂತು, ಎಳೆಯುವ ರಬ್ಬರ್ ಪಟ್ಟಿ ಬಂತು, ಎಷ್ಟು ತುಳಿದರೂ ಎಲ್ಲಿಗೂ ಹೋಗದ ಸೈಕಲ್ಲೂ ಬಂತು. ಹಗ್ಗ ಹಿಡಿದು ಮೊದಲ ಸಲ ಹಾರಿದಾಗ ಭೂಕಂಪವೆಂದು ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಮಂಚದ ಕೆಳಗೆ ಸೇರಿಕೊಂಡರಂತೆ. ಅಂದಿನಿಂದ ನಾನು ಕಾಲೆತ್ತಿದರೆ ಸಾಕು, ಅವರು ಕೋಲಿನಿಂದ ಸೂರು ಕುಟ್ಟುತ್ತಿದ್ದರು. ರಬ್ಬರ್ ಪಟ್ಟಿಯ ಒಂದು ತುದಿಯನ್ನು ಬಾಗಿಲಿನ ಹಿಡಿಗೆ ಸಿಕ್ಕಿಸಿ ಎಳೆದೆ. ನನ್ನ ಶಕ್ತಿ ಎಂಥದೆಂದರೆ ಹಿಡಿಯೇ ಕಿತ್ತುಬಂದು ಹಣೆಗೆ ಮುತ್ತಿಕ್ಕಿತು. ಸೈಕಲ್ಲಿನ ಮೇಲೆ ಹೆಂಡತಿ ಒದ್ದೆ ಟವೆಲು ಒಣಗಿಸಿದಳು.

ಔಷಧಿ ಅಂಗಡಿಯವನು ಕೊಟ್ಟ ಪುಡಿಯ ಡಬ್ಬ ಬಕೆಟ್ಟಿನಷ್ಟು ದೊಡ್ಡದಿತ್ತು. ಅದರ ಮೇಲೆ ಹೊಟ್ಟೆಯಲ್ಲಿ ಇಟ್ಟಿಗೆ ಜೋಡಿಸಿಕೊಂಡಂತಿದ್ದ ಒಬ್ಬ ಗಂಡಸಿನ ಚಿತ್ರ. ಜೊತೆಗೆ ಕೊಬ್ಬು ಕರಗಿಸುವ ಹಸಿರು ಗುಳಿಗೆ. ಪುಡಿಯನ್ನು ಹಾಲಿಗೆ ಕಲಸಿ, ಊಟದ ಮೇಲೆ ಒಂದು ಲೋಟ, ಮನಸ್ಸು ತುಂಬದಿದ್ದರೆ ಇನ್ನೊಂದು ಲೋಟ ಇಳಿಸುತ್ತಿದ್ದೆ. ಒಂದು ದಿನ ಮಗಳು ಡಬ್ಬ ತಿರುಗಿಸಿ ನೋಡುತ್ತಿದ್ದಳು.

"ಅಪ್ಪ, ಇದನ್ನ ಊಟದ ಬದಲು ಕುಡೀಬೇಕಂತೆ."

"ಅದು ಸಾಧಾರಣ ಜನಕ್ಕೆ ಮಗಳೇ. ನನ್ನಂಥವರಿಗೆ ಊಟದ ಜೊತೆಗೆ."

"ಗುಳಿಗೆ ನುಂಗಿದ್ರೆ ಹಸಿವು ಕಡಿಮೆ ಆಗುತ್ತೆ ಅಂತಾನೂ ಇದೆ."

"ಆಗುತ್ತೆ. ನುಂಗಿದ ಮೇಲೆ ಎರಡು ಬಾಳೆಹಣ್ಣು ತಿಂದ್ರೆ ಪೂರ್ತಿ ಕಡಿಮೆ ಆಗುತ್ತೆ."

ಆದರೆ ಅಂಗಡಿ ಸಾಮಾನೆಲ್ಲ ಅಂಗಡಿ ಬುದ್ಧಿಯವು. ನನ್ನಂಥ ಕಸಬುದಾರನಿಗೆ ನನ್ನದೇ ಯಂತ್ರ ಬೇಕು ಅನ್ನಿಸಿತು. ಸೂರಿನ ಕಬ್ಬಿಣದ ತೊಲೆಗೆ ಒಂದು ರಾಟೆ ಬಿಗಿದೆ. ರಾಟೆಯ ಮೇಲೆ ಹಗ್ಗ, ಹಗ್ಗದ ಈ ತುದಿಗೆ ಕೂರಲು ಒಂದು ಹಲಗೆ. ಹಲಗೆಯ ಮೇಲೆ ಕುಳಿತು, ಆಚೆ ಇಳಿಬಿದ್ದ ಹಗ್ಗವನ್ನು ಜಗ್ಗಿ, ನನ್ನನ್ನು ನಾನೇ ಮೇಲಕ್ಕೆ ಎತ್ತಿಕೊಳ್ಳಬೇಕು. ಆನೆಗೂ ಬೆವರಿಳಿಸುವ ವ್ಯಾಯಾಮ.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಮುಂದಿನದನ್ನು ನನ್ನ ತಲೆ ಮಾಡಲಿಲ್ಲ, ಕೈ ಮಾಡಿತು. ಲಿಫ್ಟಿನಲ್ಲಿ ಹಗ್ಗದ ಒಂದು ತುದಿಗೆ ಪೆಟ್ಟಿಗೆ ಇದ್ದರೆ ಇನ್ನೊಂದು ತುದಿಗೆ ಅದನ್ನು ಸರಿದೂಗಿಸುವ ಎದುರುಭಾರ ಇರಲೇಬೇಕು. ಖಾಲಿ ತುದಿ ನೋಡಿದರೆ ನನಗೆ ಕೈ ತುರಿಸುತ್ತದೆ. ಕಳಚಿಹಾಕಿದ ಹಳೇ ಲಿಫ್ಟೊಂದರ ಕಬ್ಬಿಣದ ಬಿಲ್ಲೆಗಳು ಗೋದಾಮಿನಲ್ಲಿದ್ದವು. ಅವನ್ನು ತಂದು ಆಚೆ ತುದಿಗೆ ಕಟ್ಟಿದೆ. ಕಟ್ಟಿ, ತೂಗಿ, ಇನ್ನೊಂದು ಸೇರಿಸಿ, ನನ್ನ ತೂಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಹೊಂದಿಸಿದೆ. ಯಾರೂ ಕೂರದಾಗ ಹಲಗೆ ಮೇಲಕ್ಕೆ ಹಾರದಿರಲಿ ಎಂದು ನೆಲಕ್ಕೆ ಬಿಗಿದ ಕಬ್ಬಿಣದ ಬಳೆಗೆ ಅದನ್ನು ಒಂದು ಕೊಂಡಿಯಿಂದ ಸಿಕ್ಕಿಸಿದೆ.

ಕುಳಿತು ಕೊಂಡಿ ಬಿಚ್ಚಿ ಹಗ್ಗ ಜಗ್ಗಿದರೆ, ಆಹಾ, ಹತ್ತಿಯ ಹಾಗೆ ಮೇಲೆ ಹೋದೆ. ಒಂದೇ ಬೆರಳಿನಲ್ಲಿ ಹೋದೆ. ಕಾಫಿ ಕುಡಿಯುತ್ತಾ ಹೋದೆ, ಪತ್ರಿಕೆ ಓದುತ್ತಾ ಬಂದೆ. ಹಗ್ಗ ಕಿರ್ ಎನ್ನಲಿಲ್ಲ, ನಾನು ಉಸ್ ಎನ್ನಲಿಲ್ಲ. ಕಡ್ಡಿಯನ್ನು ಕರೆದು ತೋರಿಸಿದೆ. ಅವನು ಬಾಯಿಬಿಟ್ಟು ನೋಡಿ, "ಅಣ್ಣ, ಏನು ಬ್ಯಾಲೆನ್ಸು ಮಾಡಿದೀಯ," ಎಂದ. ಅವನೂ ನಮ್ಮ ಕಸಬಿನವನೇ. ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಒಂದೇ ವಿಚಿತ್ರ. ಯಂತ್ರ ಸಮತೂಕದಲ್ಲಿರಲು ಆಗಾಗ ಇನ್ನೊಂದು ಬಿಲ್ಲೆ ಸೇರಿಸಬೇಕಾಗುತ್ತಿತ್ತು. ಕಬ್ಬಿಣ ಸವೆಯುತ್ತಿದೆ ಎಂದುಕೊಂಡೆ.

"ರೀ," ಎಂದಳು ಹೆಂಡತಿ ಒಂದು ಮಧ್ಯಾಹ್ನ, ಹೊಲಿಗೆ ನಿಲ್ಲಿಸಿ. "ಇಷ್ಟು ದಿನದಿಂದ ಆಡ್ತಿದೀರಿ, ನಿಮ್ಮ ಬನಿಯನ್ನು ಒಂದು ಸಲಾನೂ ಒದ್ದೆ ಆಗಿಲ್ಲ. ಏಳಿ, ನಾನೊಂದು ಸಲ ಕೂತು ನೋಡ್ತೀನಿ."

"ಹೆಂಗಸರಿಗೆ ಕಷ್ಟ ಕಣೇ. ತೋಳಲ್ಲಿ ಬಲ ಬೇಕು."

"ಬಿಚ್ಚಿ ಕೊಂಡಿ," ಎಂದಳು ಹಲಗೆಯ ಮೇಲೆ ಕೂತು.

ಬಿಚ್ಚಿದೆ. ನನ್ನಲ್ಲಿ ಅವಳಂಥವರು ಇಬ್ಬರು ಆರಾಮಾಗಿ ಸಂಸಾರ ಮಾಡಬಹುದು ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಬಿಲ್ಲೆಗಳು ದಡ್ಡೆಂದು ನೆಲಕ್ಕೆ ಬಡಿದವು. ನನ್ನ ಹೆಂಡತಿ ಕೊರಳಿನ ಟೇಪು ಹಾರಾಡಿಸುತ್ತಾ ಸೂರು ಸೇರಿದಳು. ಕೆಳಗಿನಿಂದ ಮೇಷ್ಟ್ರ ಕೋಲು ಉತ್ತರ ಕೊಟ್ಟಿತು. ಮಗಳು ಓಡಿಬಂದು, "ಅಮ್ಮ ಎಲ್ಲಿ?" ಎಂದಳು. ಮೇಲೆ ತೋರಿಸಿದೆ.

ಮೇಲಿನಿಂದ ಮಾತು ಬಂತು, ಬಹಳ ಸಮಾಧಾನದ ದನಿಯಲ್ಲಿ.

"ಅಂದ್ರೆ, ನಿಮ್ಮನ್ನ ಎತ್ತುತ್ತಿದ್ದದ್ದು ಈ ಕಬ್ಬಿಣ. ನೀವಲ್ಲ."

ನಾನು ಬಿಲ್ಲೆಗಳನ್ನು ನೋಡಿದೆ. ಹಲಗೆಯನ್ನು ನೋಡಿದೆ. ಮೋಟಾರಿಗೆ ಶ್ರಮವಾಗಬಾರದೆಂದು ಜೀವಮಾನವಿಡೀ ಎದುರುಭಾರ ಕಟ್ಟಿದವನು, ಈ ಸಲ ಮೋಟಾರು ನಾನೇ ಎಂಬುದನ್ನು ಮರೆತಿದ್ದೆ.

"ಇನ್ನೊಂದು," ಎಂದಳು ಸೂರಿನವಳು. "ಇಲ್ಲಿಂದ ಬೀರುವಿನ ತಲೆ ಚೆನ್ನಾಗಿ ಕಾಣ್ಸುತ್ತೆ. ಮೂರು ಬಿಸ್ಕತ್ತಿನ ಡಬ್ಬ. ಒಂದು ಜಾಮಿನ ಬಾಟಲಿ. ಅದರೊಳಗೆ ನಮ್ಮ ಮನೆ ಚಮಚ. ಅದಕ್ಕೋಸ್ಕರ ನಾನು ಪಕ್ಕದ ಮನೆಯವರನ್ನ ಅನುಮಾನ ಪಟ್ಟೆ."

"ಅಪ್ಪ, ಯಂತ್ರ ಇದಕ್ಕೇ ಮಾಡಿದ್ದಾ?" ಎಂದಳು ಮಗಳು. ನಿಜ ಹೇಳಬೇಕೆಂದರೆ ಇದಕ್ಕೆ ಮಾಡಿದ್ದಲ್ಲ, ಆದರೆ ಇದಕ್ಕೂ ಅನುಕೂಲವಾಗಿತ್ತು.

ಸ್ಟೂಲು ಹತ್ತಿ ಹೆಂಡತಿಯ ಎರಡೂ ಕಾಲು ಹಿಡಿದು, ಜೋತುಬಿದ್ದು, ಕಬ್ಬಿಣದೊಡನೆ ಗುದ್ದಾಡಿ ಅವಳನ್ನು ಅಂಗುಲ ಅಂಗುಲವಾಗಿ ಕೆಳಗಿಳಿಸಿದೆ. ಬನಿಯನ್ನು ಮೈಗೆ ಅಂಟಿಕೊಂಡಿತು. ಆ ಯಂತ್ರದ ಮೇಲೆ ನಾನು ಹರಿಸಿದ ಮೊದಲ ಬೆವರು ಅದು. ಕೊಂಡಿ ಹಾಕಿಕೊಂಡವಳೇ ಹಣೆ ಮುಟ್ಟಿ ನೋಡಿ, "ಈಗ ಸರಿ," ಎಂದಳು.

ಅಂದಿನಿಂದ ಕಾನೂನು ಅವಳದು. ಬಿಲ್ಲೆಗಳು ಗೋದಾಮಿಗೆ, ಪುಡಿಯ ಡಬ್ಬ ಅವಳ ಹೊಲಿಗೆಯ ಗುಂಡಿಗಳನ್ನು ಹಾಕಿಡಲು, ಬಿಸ್ಕತ್ತು ಮೇಷ್ಟ್ರಿಗೆ. ಎದುರುಭಾರವಿಲ್ಲದ ಹಲಗೆಯ ಮೇಲೆ ಕೂತು ಜಗ್ಗಿದರೆ ಮೊದಮೊದಲು ನನ್ನ ಕಿವಿ ಮಾತ್ರ ಮೇಲಕ್ಕೆದ್ದವು. ಆಮೇಲಾಮೇಲೆ ಉಳಿದದ್ದೂ ಎದ್ದಿತು. ಅದು ಸಾಲದೆಂದು, ಯಾವ ಲಿಫ್ಟು ರಿಪೇರಿಗೆ ಹೋದರೂ ಮೆಟ್ಟಿಲಲ್ಲೇ ಹತ್ತಬೇಕು.

ಇದರಿಂದ ಒಂದು ಅನಾಹುತವಾಯಿತು. ಕಟ್ಟಡಗಳ ಜನ ನನ್ನನ್ನು ಮೆಟ್ಟಿಲಲ್ಲಿ ಕಂಡು ಗುಸುಗುಸು ಶುರುಮಾಡಿದರು. "ಲಿಫ್ಟಿನವರೇ ಲಿಫ್ಟ್ ಹತ್ತುತ್ತಿಲ್ಲ ಅಂದ್ಮೇಲೆ ಒಳಗೇನೋ ಇದೆ." ನನ್ನ ಹಿಂದೆ ಅಜ್ಜಿಯರು, ದಿನಸಿ ಹೊತ್ತವರು, ಟೈ ಕಟ್ಟಿದವರು, ಎಲ್ಲರೂ ನಡೆದು ಹತ್ತತೊಡಗಿದರು. ಪಟ್ಟಣಕ್ಕೆ ಪಟ್ಟಣವೇ ಸಣ್ಣಗಾಯಿತೆಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಟೇಪ್ ಸಾಹೇಬರಿಗೆ ದೂರು ಬಂದದ್ದು ನಿಜ.

ತಪಾಸಣೆಯ ದಿನ ಕಿಂಡಿಯ ಕೆಳಗೆ ಸಂತೆ ನೆರೆದಿತ್ತು. ತಪಾಸಣೆಯ ಅಧಿಕಾರಿ, ಟೇಪ್ ಸಾಹೇಬರು, ಸ್ಪ್ಯಾನರ್ ಹಿಡಿದು ಸಿದ್ಧನಾಗಿದ್ದ ಕಡ್ಡಿ, ಹಲ್ಲಿನ ಡಾಕ್ಟರು ಮತ್ತು ಅವರ ತೆರೆದ ಬಾಯಿಗಳು. ನನ್ನ ಹೆಂಡತಿಯೂ ಬಂದಿದ್ದಳು. ಬೆಳಿಗ್ಗೆ ಸೊಂಟ ಅಳೆದು ಅವಳು ಏನೂ ಹೇಳಿರಲಿಲ್ಲ. ಅದೇ ನನಗೆ ಭಯ.

ಏಣಿ ಹತ್ತಿದೆ. ಒಂದು ತೋಳು, ತಲೆ, ಓರೆಯಾಗಿ ಇನ್ನೊಂದು ತೋಳು. ಎದೆ ಹೋಯಿತು. ಹೊಟ್ಟೆ ಬಂತು, ನಿಂತಿತು. ಕೆಳಗೆ ಟೇಪು ಸರ್ರೆಂದ ಸದ್ದು. ಗಾಜಿನ ಗೂಡು ಕಣ್ಣ ಮುಂದೆ ಬಂತು. ಪುಪ್ಪುಸದ ಮೂಲೆಯಲ್ಲಿದ್ದ ಉಸಿರನ್ನೂ ಹೊರಗೆ ದಬ್ಬಿ, ಕಿಂಡಿಯ ಅಂಚಿಗೆ ಕೈಯೂರಿ, ಎದುರುಭಾರದ ಹಂಗಿಲ್ಲದೆ ನನ್ನನ್ನು ನಾನೇ ಎತ್ತಿದೆ. ಅಂಗಿಯ ಗುಂಡಿಯೊಂದು ಹಾರಿ ಟೇಪ್ ಸಾಹೇಬರ ಕನ್ನಡಕಕ್ಕೆ ಬಡಿಯಿತು. ನಾನು ಒಳಗಿದ್ದೆ.

ಗ್ರೀಸಿನ ವಾಸನೆ. ಮೋಟಾರಿನ ಬೆಚ್ಚನೆಯ ಮೈ. ಅದರ ಮೇಲೆ ಕೈಯಿಟ್ಟು ಕೂತೆ. ಆಮೇಲೆ ಸವೆದ ಬ್ರೇಕಿನ ಪಟ್ಟಿ ಬದಲಿಸಿದೆ. ಅಧಿಕಾರಿ ಲಿಫ್ಟು ಓಡಿಸಿ, ನಿಲ್ಲಿಸಿ, ತಲೆಯಾಡಿಸಿದರಂತೆ. "ಆಯ್ತಯ್ಯ, ಮೇಲಿನ ಕೆಲಸ ನಿನ್ನದೇ," ಎಂದು ಟೇಪ್ ಸಾಹೇಬರು ಕೂಗಿದ್ದು ನನಗೇ ಕೇಳಿಸಿತು.

ಹೊರಡಬೇಕು, ಆಗ ಸ್ವಿಚ್ಚುಗಳ ಪೆಟ್ಟಿಗೆಯ ಹಿಂದೆ ಒಂದು ತಗಡಿನ ಡಬ್ಬ ಕಂಡಿತು. ಹೋದ ವರ್ಷ ನಾನೇ ಇಟ್ಟದ್ದು.

"ರೀ, ಏನದು ಡಬ್ಬದ ಸದ್ದು?" ಕೆಳಗಿನಿಂದ ಬಂತು ಪರಿಚಿತ ದನಿ.

ಬಾಯಿ ಖಾಲಿಯಾಗುವವರೆಗೆ ಕಾದು ಹೇಳಿದೆ, "ಹಳೇ ಡಬ್ಬ ಕಣೇ. ಬಿಸ್ಕತ್ತೆಲ್ಲ ಇರುವೆ ತಿಂದ್ಬಿಟ್ಟಿವೆ."

"ತಿಂದು, ಮತ್ತೆ ಮುಚ್ಚಳ ಹಾಕಿಟ್ಟು ಹೋದ್ವಾ?"

ನಾನು ಕಿಂಡಿಗೆ ಕಾಲಿಳಿಸಿದೆ. ಕಾಲು ಹೋಯಿತು, ಸೊಂಟ ಹೋಯಿತು. ಹೊಟ್ಟೆ ಬಂದು ಮತ್ತೆ ನಿಂತಿತು.

"ಅಲ್ಲಾಡಿಸೋಣವಾ?" ಎಂದರು ಹಲ್ಲಿನ ಡಾಕ್ಟರು ಉತ್ಸಾಹದಿಂದ.

"ಅವಸರವೇನಿಲ್ಲ ಡಾಕ್ಟ್ರೇ," ಎಂದರು ಟೇಪ್ ಸಾಹೇಬರು. "ಮೇಲಿನ ಕೆಲಸವೇ ಬೇಕು ಅಂದವನು, ಸ್ವಲ್ಪ ಹೊತ್ತು ಮೇಲೇ ಇರಲಿ."

ಅಷ್ಟರಲ್ಲಿ ಯಾರೋ ಕೆಳಗೆ ಗುಂಡಿ ಒತ್ತಿದರು. ನನ್ನ ಕಿವಿಯ ಪಕ್ಕದಲ್ಲೇ ಮೆಷಿನ್ ಹೊರಟಿತು. "ಎರಡನೇ ಬೇರಿಂಗಿಗೆ ನೆಗಡಿ," ಎಂದು ಘೋಷಿಸಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಹೆಂಡತಿ ಏಣಿಯ ಮೊದಲ ಮೆಟ್ಟಿಲು ಹತ್ತಿ ನನ್ನ ಎರಡೂ ಕಾಲು ಹಿಡಿದುಕೊಂಡಳು.