ಮುಕ್ಕಾಲು ಮೇಜು

ಆ ಮೇಜನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಒಂದು ಕೆಂಪು ಗೆರೆ. ಹೊಸ ಮರದ ತಿಳಿ ಬಣ್ಣದ ಕಾಲಿನ ಮೇಲೆ, ಕೂದಲೆಳೆಯಷ್ಟು ಸಣ್ಣಗೆ, ಮೇಲಿನಿಂದ ಕೆಳಕ್ಕೆ ಅಂಕುಡೊಂಕಾಗಿ ಇಳಿದ ಗೆರೆ. ಅದನ್ನು ಎಳೆದದ್ದು ನನ್ನ ದೊಡ್ಡಮ್ಮನ ಉಂಗುರದ ಬೆರಳು. ಎಳೆಯುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ದೊಡ್ಡಮ್ಮನ ಹೆಸರು ಪುಟ್ಟಗೌರಮ್ಮ. ಐದನೆಯ ವರ್ಷದಿಂದ ನನ್ನನ್ನು ಸಾಕಿದವಳು. ಓದು ಮುಗಿದು, ಕೆಲಸ ಸಿಕ್ಕಿ, ಮದುವೆಯಾಗಿ, ಕಿವಿಯ ಪಕ್ಕ ನರೆ ಇಣುಕಿದರೂ ನಾನು ಅವಳ ಮನೆ ಬಿಟ್ಟು ಕದಲಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ನಮ್ಮೊಂದಿಗೆ ಕೂತು ಉಂಡದ್ದನ್ನು ಮಾತ್ರ ಒಂದು ದಿನವೂ ಕಂಡಿರಲಿಲ್ಲ. ಎಲ್ಲರಿಗೂ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ಉಳಿದದ್ದನ್ನು ಉಣ್ಣುತ್ತಿದ್ದಳು. ಜೊತೆಗೆ ಕೂರು ಅಂದರೆ, "ಬಡಿಸೋಳೇ ಕೂತ್ಕೊಂಡ್ರೆ ಬಡಿಸೋರ್ಯಾರೋ?" ಅನ್ನುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ನಾವ್ಯಾರೂ ಹೋಗಲಿಲ್ಲ. ಪ್ರಶ್ನೆ ನಮಗೆ ಅನುಕೂಲವಾಗಿಯೇ ಇತ್ತು.

ಆಮೇಲೆ ಅವಳ ಮಂಡಿಗೆ ಆಪರೇಷನ್ ಆಯಿತು. ಇನ್ನು ನೆಲದ ಮೇಲೆ ಕೂರುವಂತಿಲ್ಲ ಎಂದರು ಡಾಕ್ಟರು. ಕುರ್ಚಿಯ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳುವುದು ದೊಡ್ಡಪ್ಪನ ಪದ್ಧತಿಯಾಗಿತ್ತು. ಅದು ಯಜಮಾನರ ಠೀವಿ, ತನಗೆ ಹೊಂದುವುದಿಲ್ಲವೆಂದು ದೊಡ್ಡಮ್ಮ ಒಲೆಯ ಕಟ್ಟೆಗೆ ಒರಗಿ ನಿಂತೇ ಉಣ್ಣತೊಡಗಿದಳು.

"ಕುದುರೆ ಥರ ನಿಂತ್ಕೊಂಡು ಉಣ್ತಾರೆ, ನನ್ನ ಕೈಲಿ ನೋಡಕ್ಕಾಗ್ತಿಲ್ಲ" ಎಂದಳು ನನ್ನ ಹೆಂಡತಿ ತ್ರಿವೇಣಿ. "ಒಂದು ಊಟದ ಮೇಜು ತರಿಸಿ. ನಾಲ್ಕು ಜನ, ನಾಲ್ಕು ಕುರ್ಚಿ. ಒಂದು ಖಾಲಿ ಇದ್ರೆ ಅವ್ರಿಗೇ ಇರುಸುಮುರುಸಾಗುತ್ತೆ, ಆಗ ಕೂರ್ತಾರೆ."

ದೊಡ್ಡಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ಅವಳು ಕೂರಲ್ಲ ಬಿಡಮ್ಮ. ನಲವತ್ತೈದು ವರ್ಷದಿಂದ ನೋಡ್ತಿದೀನಿ" ಎಂದರು.

"ನೋಡಿದೀರಿ ಮಾವ. ಕೂರು ಅಂತ ಎಷ್ಟು ಸಲ ಅಂದಿದೀರಿ?"

ದೊಡ್ಡಪ್ಪನ ಪತ್ರಿಕೆ ಇನ್ನೂ ನಾಲ್ಕು ಅಂಗುಲ ಮೇಲಕ್ಕೇರಿ ಅವರ ಮುಖವನ್ನು ಪೂರ್ತಿ ನುಂಗಿತು.

ಆನ್‌ಲೈನಿನಲ್ಲಿ ನೋಡಿ ಮೇಜು ತರಿಸಿದೆ. ಬೇಡವೆನ್ನಲು ಬಾರದಿರಲೆಂದು ದೊಡ್ಡಮ್ಮನ ಹೆಸರನ್ನೇ ಕೊಟ್ಟೆ, ಅವಳ ಮೊಬೈಲ್ ನಂಬರನ್ನೇ ಹಾಕಿದೆ. ಭಾರಿ ರಟ್ಟಿನ ಪೆಟ್ಟಿಗೆಯ ಮೇಲೆ ತನ್ನ ಹೆಸರು ಅಚ್ಚಾಗಿ ಬಂದದ್ದನ್ನು ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ನನ್ನ ಹೆಸರಿಗೆ ಮದುವೆ ಕಾಗದ ಬಿಟ್ರೆ ಏನೂ ಬಂದಿರ್ಲಿಲ್ಲ ಕಣೋ" ಎಂದವಳು ಆ ಚೀಟಿಯನ್ನು ಜೋಪಾನವಾಗಿ ಕಿತ್ತು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ಕಾಲುಗಳನ್ನು ಹಲಗೆಗೆ ತಿರುಪಿ ಮೇಜನ್ನು ನಿಲ್ಲಿಸಿದ್ದೆನಷ್ಟೆ, ದೊಡ್ಡಮ್ಮ ತಟ್ಟೆ ಹಿಡಿದು ಬಂದಳು. ಮನೆಗೆ ಹೊಸದೇನೇ ಬರಲಿ, ಸ್ಕೂಟರಿರಲಿ, ಮಿಕ್ಸಿಯಿರಲಿ, ಮೊದಲು ಅದಕ್ಕೆ ಅರಿಸಿನ ಕುಂಕುಮ, ಹೂವು, ಆರತಿ. ಬಳಕೆ ಏನಿದ್ದರೂ ಆಮೇಲೆ. ನೀರಲ್ಲಿ ಕಲಸಿದ ಕುಂಕುಮವನ್ನು ಒಂದೊಂದೇ ಕಾಲಿಗೆ ಇಡುತ್ತ ಬಂದಳು. ಮೂರು ಕಾಲುಗಳಲ್ಲಿ ಬೊಟ್ಟು ದುಂಡಗೆ ನಿಂತಿತು. ನಾಲ್ಕನೆಯದರಲ್ಲಿ ನಿಲ್ಲಲಿಲ್ಲ.

"ಇದೇನೋ ಇದು, ಕುಂಕುಮ ಒಳಗೋಗ್ತಿದೆ?"

ಪಾಲಿಶಿನ ಅಡಿಯಲ್ಲಿ ಅಡಗಿದ್ದ ಬಿರುಕೊಂದು ಕೆಂಪು ನೀರನ್ನು ಕುಡಿಯುತ್ತ, ನಮ್ಮ ಕಣ್ಣೆದುರೇ ತನ್ನ ಉದ್ದವನ್ನು ತಾನೇ ಬರೆದುಕೊಳ್ಳುತ್ತಿತ್ತು. ಕಾಲು ಅರ್ಧದವರೆಗೂ ಸೀಳಿತ್ತು. ಪೂರ್ತಿ ಮೇಜು ಕೇಳಿದವರಿಗೆ ಅಂಗಡಿಯವರು ಮುಕ್ಕಾಲು ಕಳಿಸಿದ್ದರು.

ದೊಡ್ಡಮ್ಮನ ಮುಖ ಸಣ್ಣದಾಯಿತು. "ನನ್ನ ಕೈಯಾರೆ ಒಡೀತಲ್ಲೋ."

"ಕುಂಕುಮ ಇಟ್ರೆ ಮರ ಸೀಳುತ್ತಾ ದೊಡ್ಡಮ್ಮ? ಹಂಗಿದ್ರೆ ನಮ್ಮನೆ ಹೊಸ್ತಿಲು ಯಾವತ್ತೋ ಸೌದೆ ಆಗಿರ್ಬೇಕಿತ್ತು. ಇದು ಬರುವಾಗಲೇ ಒಡ್ಕೊಂಡು ಬಂದಿದೆ. ವಾಪಸ್ ಕಳಿಸ್ತೀನಿ ತಡಿ."

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಆರತಿ ಎತ್ತಿ ಒಳಗೆ ಕರ್ಕೊಂಡಿದ್ದನ್ನ ವಾಪಸ್ ಕಳಿಸ್ತಾರೇನೋ? ಕಾಲುಂಗುರ ಸಡಿಲ ಅಂತ ಸೊಸೇನ ತವರಿಗೆ ಅಟ್ತೀಯಾ?"

"ಅತ್ತೆ, ಮೇಜಿನ ವಿಷಯಕ್ಕೆ ನನ್ನನ್ಯಾಕೆ ಎಳೀತೀರಿ?" ಎಂದಳು ತ್ರಿವೇಣಿ.

ಕೊನೆಗೆ, ಮೇಜು ಇಲ್ಲೇ ಇರಲಿ, ಕಾಲೊಂದನ್ನು ಬದಲಿಸಿ ಕೊಡಲಿ ಎಂದು ತೀರ್ಮಾನವಾಯಿತು. ಬಿರುಕಿನ ಫೋಟೋ ತೆಗೆದು ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: 'ಸದರಿ ಕಾಲಿಗೆ ಗ್ರಾಹಕರಿಂದ ಬಣ್ಣ ಬಳಿಯಲ್ಪಟ್ಟಿರುವುದರಿಂದ ಬಳಸಿದ ವಸ್ತುವೆಂದು ಪರಿಗಣಿಸಲಾಗಿದೆ.' ಆಕ್ಷೇಪವಿದ್ದರೆ ಮೇಜು ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕಂತೆ. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ದೊಡ್ಡಮ್ಮನಿಗೆ ಆಗದು.

ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಬೇರೆಯವರ ಗಂಟಲಲ್ಲಿ ಮಾತಾಡುವ ಚಟ ನನಗೆ ಹೈಸ್ಕೂಲಿನಿಂದಲೂ ಇತ್ತು. ಹೆಡ್‌ಮಾಸ್ಟರರ ದನಿಯಲ್ಲಿ ಗೇಟಿನ ಜವಾನನಿಗೆ ಅಪ್ಪಣೆ ಕೊಟ್ಟು ಇಡೀ ತರಗತಿಗೆ ರಜೆ ಕೊಡಿಸಿ, ಮರುದಿನ ಅದೇ ಹೆಡ್‌ಮಾಸ್ಟರರ ಅಸಲಿ ದನಿಯನ್ನು ಬೆತ್ತದ ಸಮೇತ ಕೇಳಿದವನು ನಾನು. ದೊಡ್ಡಮ್ಮನ ದನಿಯಂತೂ ನನಗೆ ನೀರು ಕುಡಿದಷ್ಟು ಸಲೀಸು. ಎರಡು ಮಾತಿಗೊಮ್ಮೆ ಮೂಗೆಳೆದರೆ ಮುಕ್ಕಾಲು ಕೆಲಸ ಮುಗಿದಂತೆ. ಅವಳ ಮೊಬೈಲನ್ನೇ ಎತ್ತಿಕೊಂಡು ಕೂತೆ.

"ನಮಸ್ಕಾರ, ನಾನು ಲಾವಣ್ಯ. ಯಾರು ಮಾತಾಡ್ತಿರೋದು?"

"ನಾನು ಕಣವ್ವ, ಪುಟ್ಟಗೌರಮ್ಮ." ಮೂಗೆಳೆದೆ.

"ಮೇಡಂ, ಫೋಟೋದಲ್ಲಿ ರೆಡ್ ಕಲರ್ ಲೈನ್ ಕಾಣ್ತಿದೆ. ಯೂಸ್ ಆಗಿದೆ ಅಂತ ತೋರಿಸ್ತಿದೆ."

"ಯೂಸ್ ಅಲ್ಲ ಕಣವ್ವ, ಪೂಜೆ. ನಿಮ್ಮನೇಲಿ ಹೊಸ ಗಾಡಿ ತಂದ್ರೆ ಕುಂಕುಮ ಇಡಲ್ವಾ? ಇಟ್ಟ ತಕ್ಷಣ ಗಾಡಿ ಹಳೇದಾಗೋಯ್ತದಾ?"

ಹುಡುಗಿ ದನಿ ತಗ್ಗಿಸಿ, "ಇಡ್ತೀವಿ ಮೇಡಂ. ನಮ್ಮಮ್ಮ ಹೊಸ ಟೀವಿಗೂ ಇಟ್ಟಿದ್ರು" ಎಂದಳು. ಮೂರು ವಾರದಲ್ಲಿ ಹೊಸ ಕಾಲು ಕಳಿಸುವುದಾಗಿ ಒಪ್ಪಿಕೊಂಡಳು.

ಫೋನಿಟ್ಟು ತಿರುಗಿದರೆ ಅಸಲಿ ಪುಟ್ಟಗೌರಮ್ಮ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ನಾನು ಹಿಂಗೆ ಮೂಗೆಳೀತೀನೇನೋ?" ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ಮೂಗೆಳೆದಳು. ತ್ರಿವೇಣಿ ನಕ್ಕ ರಭಸಕ್ಕೆ ದೊಡ್ಡಪ್ಪನ ಪತ್ರಿಕೆಯೂ ಅಲುಗಾಡಿತು.

ಹೊಸ ಕಾಲು ಬರುವವರೆಗೆ ಒಡೆದ ಕಾಲಿಗೆ ಹಗ್ಗ ಬಿಗಿದು ಮೇಜನ್ನು ಬಳಕೆಗೆ ತಂದೆವು. ಮೊದಲ ದಿನ ನಾವು ಮೂವರು ಕೂತೆವು. ದೊಡ್ಡಮ್ಮ ಎಂದಿನಂತೆ ಬಡಿಸುತ್ತ ಸುತ್ತತೊಡಗಿದಳು. ಖಾಲಿ ಕುರ್ಚಿ ಖಾಲಿಯಾಗಿಯೇ ಇತ್ತು. ತ್ರಿವೇಣಿ ಹೇಳಿದ ಇರುಸುಮುರುಸು ಆದದ್ದು ನಮಗೆ. ದೊಡ್ಡಮ್ಮ ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು, ಅಷ್ಟಕ್ಕೇ ಒಡೆದ ಕಾಲು ಹೊರಕ್ಕೆ ಜಾರಿತು. ಸಾರು ಅಂಚಿನವರೆಗೆ ಬಂದು ನಿಂತಿತು. ಗಾಬರಿಯಲ್ಲಿ ಅವಳು ಪಕ್ಕದಲ್ಲಿದ್ದ ಆ ಖಾಲಿ ಕುರ್ಚಿಯ ಮೇಲೆ ಕುಸಿದು, ತನ್ನ ಪಾದವನ್ನು ಮೇಜಿನ ಕಾಲಿಗೆ ಅಡ್ಡ ಕೊಟ್ಟಳು. ಮೇಜು ನಿಂತಿತು.

"ಏಳ್ಬೇಡ!" ಎಂದು ಮೂವರೂ ಒಟ್ಟಿಗೆ ಕೂಗಿದೆವು.

"ಒಂದು ಇಟ್ಟಿಗೆ ತಂದು ಒತ್ತು ಕೊಡ್ರೋ" ಎಂದರು ದೊಡ್ಡಪ್ಪ.

ಹಿತ್ತಿಲಲ್ಲಿ ಇಟ್ಟಿಗೆಗಳ ಗುಡ್ಡೆಯೇ ಇತ್ತು. ನಾನು ತ್ರಿವೇಣಿಯ ಮುಖ ನೋಡಿದೆ, ಅವಳು ನನ್ನದನ್ನು ನೋಡಿದಳು. "ಇಟ್ಟಿಗೆ ಗಿಟ್ಟಿಗೆ ಇಟ್ರೆ ಗ್ಯಾರಂಟಿ ಹೋಗುತ್ತಂತೆ ದೊಡ್ಡಪ್ಪ" ಎಂದೆ ಗಂಭೀರವಾಗಿ. ಸಾಲದೆಂದು ಲಾವಣ್ಯಳ ದನಿಯಲ್ಲಿ, "ಸಪೋರ್ಟ್ ಕೊಡ್ಬಾರ್ದು ಮೇಡಂ, ಕ್ಯಾನ್ಸಲ್ ಆಗುತ್ತೆ" ಎಂದೂ ಸೇರಿಸಿದೆ. ತ್ರಿವೇಣಿ ತಡಮಾಡದೆ ದೊಡ್ಡಮ್ಮನ ಮುಂದೊಂದು ತಟ್ಟೆಯಿಟ್ಟು ಅನ್ನ ಬಡಿಸಿದಳು. ದೊಡ್ಡಮ್ಮ ಎಲ್ಲರ ತಟ್ಟೆಗಳನ್ನೂ ಒಂದು ಸುತ್ತು ನೋಡಿ, ಸಂಕೋಚದಿಂದ ತನ್ನದಕ್ಕೆ ಕೈ ಹಾಕಿದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ದೊಡ್ಡಮ್ಮ ಏಳುವಂತಿಲ್ಲವಾದ್ದರಿಂದ ಏಳುವ ಸರದಿ ಉಳಿದವರದ್ದು. ಎರಡನೆಯ ದಿನ ದೊಡ್ಡಪ್ಪ ತಾವೇ ಉಪ್ಪು ತರಲು ಅಡುಗೆಮನೆಗೆ ಹೋಗಿ, "ಉಪ್ಪೆಲ್ಲಿದ್ಯೇ?" ಎಂದು ಕೇಳಿ, "ಒಲೆ ಪಕ್ಕ, ಕೆಂಪು ಮುಚ್ಚಳ" ಎಂಬ ಉತ್ತರ ಪಡೆದು, ಸಕ್ಕರೆ ತಂದರು. "ಬಣ್ಣ ಗುರುತು ಹಿಡಿಯಲ್ಲ, ಇವರು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರು!" ಎಂದು ದೊಡ್ಡಮ್ಮ ನಕ್ಕಳು. ಅವಳು ಊಟದ ನಡುವೆ ನಕ್ಕದ್ದನ್ನು ನಾವು ಕೇಳಿದ್ದು ಅದೇ ಮೊದಲು. ಆದರೂ ಅವಳು ಉಣ್ಣುತ್ತಿದ್ದುದು ಬಸ್ ಸ್ಟ್ಯಾಂಡಿನಲ್ಲಿ ಉಣ್ಣುವವರ ಹಾಗೆ, ಬೇಗಬೇಗ, ಎರಡೇ ತುತ್ತು. ಇನ್ನೊಂದು ಚೂರು ಹಾಕಲಾ ಎಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಯಾವ ಗಳಿಗೆಯಲ್ಲಾದರೂ ಯಾರಾದರೂ ಏಳು ಎನ್ನಬಹುದೆಂದು ಕಾದಿರುವಂತೆ.

ನೆಲ ಒರೆಸುವಾಗ ತ್ರಿವೇಣಿ ಆ ಕಾಲಿನ ಕೆಂಪು ಗೆರೆಯನ್ನು ಮಾತ್ರ ಒರೆಸದೆ ಬಿಡುತ್ತಿದ್ದಳು. ಒಂದು ದಿನ ಅದನ್ನೇ ನೋಡುತ್ತ, "ಹೊಸ ಕಾಲು ಬಂದ್ಮೇಲೆ ಏನ್ ಕತೆ?" ಎಂದಳು. ಕಾಲು ಬಂದ ದಿನ ಮೇಜು ಗಟ್ಟಿಯಾಗುತ್ತದೆ, ದೊಡ್ಡಮ್ಮ ಎದ್ದು ಒಲೆಕಟ್ಟೆಯ ಬಳಿ ಹೋಗಿ ನಿಲ್ಲುತ್ತಾಳೆ. ಅವಳದೇ ದನಿ ಕದ್ದು ನಾನು ಗಿಟ್ಟಿಸಿದ ಕಾಲು ಅವಳನ್ನೇ ಎಬ್ಬಿಸಲು ಹೊರಟಿತ್ತು. ಮೂರನೆಯ ವಾರವಿಡೀ ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ನಾನು ಕಿಟಕಿಗೆ ಓಡುತ್ತಿದ್ದೆ.

ಕಾಲು ಬರಲಿಲ್ಲ. ನಾಲ್ಕನೆಯ ವಾರವೂ ಬರಲಿಲ್ಲ. ಈ ಅನಿಶ್ಚಯವನ್ನು ತಾಳಲಾರದೆ ಒಂದು ಭಾನುವಾರ ಮಧ್ಯಾಹ್ನ ದೊಡ್ಡಮ್ಮನ ಮೊಬೈಲೆತ್ತಿಕೊಂಡು, ಅವಳ ದನಿ ಹೊದ್ದು ವಿಚಾರಿಸಿದೆ. ಅದೃಷ್ಟಕ್ಕೆ ಲಾವಣ್ಯಳೇ ಸಿಕ್ಕಿದಳು.

"ಮೇಡಂ, ಅದು ಕ್ಯಾನ್ಸಲ್ ಆಗಿದೆಯಲ್ಲ?"

"ಯಾರವ್ವ ಮಾಡ್ದೋರು?"

"ಕಳಿಸೋಕೆ ಮುಂಚೆ ನಾನೇ ನಿಮ್ಮ ನಂಬರಿಗೆ ಫೋನ್ ಮಾಡಿದ್ದೆ. ಒಬ್ರು ಎತ್ತಿ, 'ನಾನೇ ಪುಟ್ಟಗೌರಮ್ಮ, ಕಾಲು ಬೇಡ' ಅಂದ್ರು. ನಂಗೂ ಡೌಟ್ ಬಂತು ಮೇಡಂ. ವಾಯ್ಸ್ ನಿಮ್ಮ ಥರ ಇರ್ಲಿಲ್ಲ, ನಿಮ್ಮಷ್ಟು ಮೂಗೆಳೀತಿರ್ಲಿಲ್ಲ. ಯಾರೋ ನಿಮ್ಮ ಮಿಮಿಕ್ರಿ ಮಾಡ್ತಿದಾರೆ ಅಂದ್ಕೊಂಡೆ."

"ಮತ್ಯಾಕೆ ಒಪ್ಕೊಂಡ್ಯವ್ವ?"

"'ಮೇಜು ಯಾರ ಹೆಸರಲ್ಲಿದೆ?' ಅಂತ ಅವರೇ ನನ್ನ ಕೇಳಿದ್ರು. 'ಪುಟ್ಟಗೌರಮ್ಮ ಅವ್ರ ಹೆಸರಲ್ಲಿ' ಅಂದೆ. 'ಹಂಗಿದ್ಮೇಲೆ ನಾನ್ ಹೇಳ್ದಂಗೆ ಬರ್ಕೋ' ಅಂದ್ರು. ಅಷ್ಟು ಜೋರಾಗಿ ಹೇಳಿದ್ಮೇಲೆ ಬರ್ಕೊಂಡ್ಬಿಟ್ಟೆ."

"ಆಯ್ತು, ಥ್ಯಾಂಕ್ಸ್" ಎಂದುಬಿಟ್ಟೆ, ನನ್ನದೇ ದನಿಯಲ್ಲಿ.

"ಸಾರ್?" ಎಂದಳು ಲಾವಣ್ಯ. ಫೋನಿಟ್ಟೆ.

ಅಡುಗೆಮನೆಯಲ್ಲಿ ದೊಡ್ಡಮ್ಮ ಮುದ್ದೆ ತಿರುವುತ್ತಿದ್ದಳು. ಪಾತ್ರೆಯನ್ನು ಎರಡು ಕೋಲುಗಳ ನಡುವೆ ಒತ್ತಿ ಹಿಡಿದು, ಹಿಟ್ಟನ್ನು ಮುದ್ದೆಕೋಲಿನಿಂದ ರಭಸವಾಗಿ ಕೂಡಿಸುತ್ತಿದ್ದಳು. ನಾನು ಹೋಗಿ ನಿಂತದ್ದು ಗೊತ್ತಾದರೂ ತಿರುಗಲಿಲ್ಲ.

"ಮೇಜಿನ ಅಂಗಡಿಯಿಂದ ಫೋನ್ ಬಂದಿತ್ತಾ ದೊಡ್ಡಮ್ಮ?"

"ಬಂದಿತ್ತು. ನೀವೆಲ್ಲ ಹೊರಗೋಗಿದ್ರಿ. ಒಳ್ಳೆ ಹುಡುಗಿ ಪಾಪ. ಮಧ್ಯಾಹ್ನ ಮೂರಾಗಿತ್ತು, ಊಟ ಆಯ್ತೇನವ್ವ ಅಂದೆ, ಇನ್ನೂ ಇಲ್ಲ ಅಂದ್ಲು."

"ಕಾಲು ಬೇಡ ಅಂದ್ಯಂತೆ?"

ಕೋಲು ಎರಡು ಸುತ್ತು ಸುತ್ತಿತು. "ಇಟ್ಟಿಗೆ ಇಟ್ರೆ ಗ್ಯಾರಂಟಿ ಹೋಗುತ್ತೆ ಅಂದ್ಯಲ್ಲ, ಅದನ್ನ ನಿಮ್ಮ ದೊಡ್ಡಪ್ಪ ನಂಬ್ತಾರೆ. ನಿನ್ನ ಸುಳ್ಳುಗಳನ್ನ ನಾನು ಒಂದನೇ ಕ್ಲಾಸಿಂದ ನೋಡ್ತಾ ಬಂದಿದೀನಿ ಕಣೋ."

"ಗೊತ್ತಿದ್ದೂ ಸುಮ್ನಿದ್ಯಾ?"

"ಸುಮ್ನೆ ಎಲ್ಲಿದ್ದೆ? ಕೂತಿದ್ದೆ." ಅವಳು ಕೋಲು ಬಿಟ್ಟು, ಸೆರಗಿನಿಂದ ಹಣೆಯ ಬೆವರೊರೆಸಿಕೊಂಡಳು. "ಆ ಕಾಲು ಬಂದಿದ್ರೆ ನಾನು ಎದ್ದು ನಿಲ್ಬೇಕಿತ್ತಲ್ಲೋ. ಹೋಗು, ತಟ್ಟೆ ಹಾಕು ಹೋಗು. ನಿಮ್ಮ ದೊಡ್ಡಪ್ಪನಿಗೆ ಮಾತ್ರ ಹೇಳ್ಬೇಡ."

ತಟ್ಟೆ ಹಾಕಿದೆ. ತ್ರಿವೇಣಿ ಸಾರು ತಂದಳು. ದೊಡ್ಡಮ್ಮ ಬಂದು ಕೂತಳು. ಅವಳು ಅಂದು ಅವಸರ ಮಾಡಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ, ಮತ್ತೆ ಮುರಿದಳು. ನಮ್ಮೆಲ್ಲರದೂ ಮುಗಿಯಿತು, ಅವಳದು ಮುಗಿದಿರಲಿಲ್ಲ. ಮುಗಿದಾಗ ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿ, ಯಾರ ಮುಖವನ್ನೂ ನೋಡದೆ, "ರೀ, ಇನ್ನೊಂದರ್ಧ ಮುದ್ದೆ ಇದ್ರೆ ಹಾಕ್ರಿ" ಎಂದಳು.

ದೊಡ್ಡಪ್ಪ ಅವಳ ತಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಹೋದರು. ಒಳಗಿನಿಂದ "ಅಬ್ಬಬ್ಬಾ, ಸುಡುತ್ತಲ್ಲೇ!" ಎಂಬ ದನಿ ಕೇಳಿಸಿತು. ನೀರಲ್ಲಿ ಅದ್ದಿದ ಅಂಗೈಗಳ ನಡುವೆ ಮುದ್ದೆಯನ್ನು ಆ ಕೈಯಿಂದ ಈ ಕೈಗೆ ಎಸೆದುಕೊಳ್ಳುತ್ತ ಬಂದು ಅವಳ ತಟ್ಟೆಯಲ್ಲಿಟ್ಟರು. ಅರ್ಧವಲ್ಲ, ಇಡಿಯದು. ಸೌಟು ಹುಡುಕಿ ಸಾರನ್ನೂ ಬಿಟ್ಟರು. ದೊಡ್ಡಮ್ಮ ತಟ್ಟೆಯ ಮೇಲೆ ಬಾಗಿ ಮುದ್ದೆಯನ್ನು ಮುರಿದಳು. ಒಳಗಿನ ಹಬೆ ಎದ್ದು ಅವಳ ಕನ್ನಡಕದ ಗಾಜುಗಳೆರಡನ್ನೂ ಬೆಳ್ಳಗೆ ಮುಚ್ಚಿತು. ಅವಳು ಒರೆಸಿಕೊಳ್ಳಲಿಲ್ಲ. ಹಾಗೆಯೇ, ಏನೂ ಕಾಣದೆ, ಉಣ್ಣುತ್ತ ಕೂತಳು.