ಎರಡು ಬೆರಳಿನಷ್ಟು ಬಟ್ಟೆ

ಜೀಪು ಜಮಖಂಡಿ ದಾಟಿ ಬನಹಟ್ಟಿಯ ದಾರಿ ಹಿಡಿದಾಗ ಅಮಸಿದ್ದಪ್ಪ ಮೂರನೆಯ ಸಲ ಹಿಂದಕ್ಕೆ ತಿರುಗಿ ನೋಡಿದ. ಹಿಂದಿನ ಸೀಟಿನ ಕೆಳಗೆ, ಕಂಬಳಿಯ ಮರೆಯಲ್ಲಿ, ಒಂದು ಚೀಲವಿತ್ತು. ಅದರಲ್ಲಿ ಗುರುಪಾದನ ಎರಡು ಪ್ಯಾಂಟು, ಮೂರು ಅಂಗಿ, ಒಂದು ಟಾವೆಲ್ಲು. ಬೆಳಿಗ್ಗೆ ಗುರುಪಾದ ದನಗಳಿಗೆ ನೀರು ಕುಡಿಸಲು ಹೋದಾಗ ಅಮಸಿದ್ದಪ್ಪ ತನ್ನ ಹೆಂಡತಿ ಕರೆವ್ವನ ಕೈಯಿಂದ ಅವನ್ನು ತುಂಬಿಸಿ ತಂದಿಟ್ಟಿದ್ದ. ಜೀಪು ಹೊಡೆಯುತ್ತಿದ್ದ ಗುರುಪಾದನಿಗೆ ಇದು ಗೊತ್ತಿರಲಿಲ್ಲ.

ಗುರುಪಾದ ಅಮಸಿದ್ದಪ್ಪನ ತಂಗಿ ಸಾತವ್ವನ ಮಗ. ಎಂಟು ವರ್ಷದವನಿದ್ದಾಗ ತಂದೆ ತೀರಿಕೊಂಡ. ಮುಧೋಳದಿಂದ ಹುನ್ನೂರಿಗೆ, ಸೋದರಮಾವನ ಮನೆಗೆ ಬಂದವನು ಅಲ್ಲೇ ಕುರಿ ಕಾಯುವುದನ್ನೂ ಜೀಪು ಹೊಡೆಯುವುದನ್ನೂ ಕಲಿತು ಇಪ್ಪತ್ತೈದರವನಾದ. ಅಣೆಕಟ್ಟಿನ ಹಿನ್ನೀರು ಬಂದು ಬೀಳಗಿ ಕಡೆಯ ಹೊಳೆದಂಡೆಯ ಅಡ್ಡದಾರಿಗಳು ಮುಳುಗಿದ ಮೇಲೆ ಕುರಿಹಿಂಡು ಊರೂರು ಸುತ್ತಿ ಹೋಗಬೇಕಾಯಿತು. ನಡೆಯಲಾರದ ಎಳೆಮರಿಗಳನ್ನೂ ಈದ ಕುರಿಗಳನ್ನೂ ಹೊರಲೆಂದೇ ಅಮಸಿದ್ದಪ್ಪ ಈ ಹಳೆಯ ಜೀಪು ತಂದದ್ದು. ಅದಕ್ಕಿದ್ದದ್ದು ಬಟ್ಟೆಯ ಟಾಪು. ಬೇಸಿಗೆಯಲ್ಲಿ ಮರಿಗಳಿಗೆ ಗಾಳಿಯಾಡಲಿ ಎಂದು ಅದನ್ನು ಬಿಚ್ಚಿ ಇಡುವುದು, ಜೂನಿನ ಮಿರಗದ ಮಳೆಗೆ ಮುಂಚೆ ಮತ್ತೆ ಹೊದಿಸುವುದು ವಾಡಿಕೆ.

ಈ ಸಲ ಬಿಚ್ಚಿದ ಮೇಲೆ ಅಮಸಿದ್ದಪ್ಪ ಅದಕ್ಕೆ ಕಂಬಳಿಗೆ ಮಾಡುವ ಉಪಚಾರವನ್ನೇ ಮಾಡಿದ್ದ. ಹುಣಸೆ ಬೀಜ ಅರೆಸಿ, ಕುದಿಸಿ, ಆ ಗಂಜಿಯಂಥ ಸರಿಯನ್ನು ಕೈಯಾರೆ ಬಳಿದು, ಬಿಸಿಲಿಗೆ ಒಣಗಿಸಿ, ಅಚ್ಚುಕಟ್ಟಾಗಿ ಮಡಚಿ, ಜೋಳದ ಚೀಲಗಳ ಕೋಣೆಯಲ್ಲಿ ಇಟ್ಟಿದ್ದ. ಸರಿ ಹಾಕಿದ ಕಂಬಳಿಯೊಳಗೆ ನೀರು ಇಳಿಯುವುದಿಲ್ಲ, ಟಾಪಿಗೇಕೆ ಇಳಿಯಬೇಕು? ಆಗ ಗುರುಪಾದ ಬೀಳಗಿ ಕಡೆ ಹಿಂಡಿನ ಜೊತೆಗಿದ್ದ. ನಡುವೆ ಒಂದೇ ಒಂದು ದಿನ ಜೋಳ ಒಯ್ಯಲು ಬಂದು, ಆ ಕೋಣೆಗೆ ಹೋಗಿ, ತಾಸಿನ ಮೇಲೆ ಹೊರಬಂದಿದ್ದ.

ಮೊನ್ನೆ ಟಾಪು ಬಿಚ್ಚಿ ನೋಡಿದರೆ ನಟ್ಟನಡುವೆ ಒಂದು ಸೀಳು. ಗೆರೆ ಎಳೆದ ಹಾಗೆ ನೆಟ್ಟಗೆ, ನಾಲ್ಕು ಮೊಳ ಉದ್ದ.

ಅಂದಿನಿಂದ ಅಮಸಿದ್ದಪ್ಪನಿಗೆ ಒಂದೊಂದೇ ನೆನಪಾಗತೊಡಗಿತು. ಗುರುಪಾದ ಎರಡು ವರ್ಷದಿಂದ ರೆಗ್ಜಿನ್ ಟಾಪು ಹಾಕಿಸೋಣ ಎಂದು ಬೆನ್ನುಹತ್ತಿದ್ದ. "ಹಳೇದು ಹರಿಯೂತನಕ ನಮ್ಮ ಮಾವ ಹೊಸದು ಹಾಕಸಾಂವಲ್ಲ" ಎಂದು ಕುರಿಯವರ ನಡುವೆ ನಗೆಯಾಡಿದ್ದ. ಅದಕ್ಕೆ ಸರಿಯಾಗಿ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಮನೆಯ ಗೂಟ ಬಿಟ್ಟು ಜೀಪಿನ ಸೀಟಿನ ಕೆಳಗೆ ಸಿಕ್ಕಿತ್ತು. ಅಮಸಿದ್ದಪ್ಪ ತಮ್ಮ ಸಿದರಾಯನ ಮುಂದೆ ಬಾಯಿಬಿಟ್ಟು ಹೇಳಿಯೇಬಿಟ್ಟಿದ್ದ: "ಇದು ಇವನ ಕೆಲಸ. ಹೊಸಾ ಟಾಪ ಹೊಲಿಸಾಕ ಬನಹಟ್ಟಿಗೆ ಹೋದಾಗ ಖಾತ್ರಿ ಆತಂದ್ರ ಹುನ್ನೂರಿಗೆ ಹೊಳ್ಳಿ ಕರಕೊಂಡ ಬರೂದಿಲ್ಲ. ಅಲ್ಲಿಂದ ಮುಧೋಳಕ್ಕ ಹೋಗಿ ಅವರವ್ವನ ಕೈಯಾಗ ಒಪ್ಪಿಸಿ ಬರ್ತೀನಿ."

"ಏನ್ ಮಾವ, ಹಿಂದ ಏನರ ಬಿತ್ತೇನು? ಭಾಳ ಹೊಳ್ಳಿ ನೋಡಾಕತ್ತೀ," ಎಂದ ಗುರುಪಾದ.

"ಏನಿಲ್ಲ. ನೀ ಮುಂದ ನೋಡಿ ಹೊಡಿ."

ನೀಲಕಂಠನ ಕುಶನ್ ಅಂಗಡಿ ಬನಹಟ್ಟಿಯ ಒಂದು ಓಣಿಯ ಮೂಲೆಯಲ್ಲಿತ್ತು. ಹಿಂದಿನ ಗೋಡೆಯಾಚೆ ಮಗ್ಗಗಳ ಖಟಖಟ. ನೀಲಕಂಠ ನೇಕಾರರ ಮನೆಯವನೇ. ಮಗ್ಗ ಬಿಟ್ಟು ಸೀಟು, ಟಾಪು ಹೊಲಿಯುವುದಕ್ಕೆ ಕುಳಿತವನು. ಒಳಗೆ ಅವನ ತಾಯಿ ಶೇವಂತಿ ರಾಟೆಯ ಮುಂದೆ ಕಾಲು ಚಾಚಿ ನೂಲು ಸುತ್ತುತ್ತಿದ್ದಳು.

"ಬಾರಪಾ ಗುರುಪಾದ! ಮಳಿಗಾಲ ಬಂತು, ಇನ್ನ ಬರ್ತೀ ಅಂತ ಅನಕೊಂಡೇ ಇದ್ದೆ," ಎಂದ ನೀಲಕಂಠ.

ಅಮಸಿದ್ದಪ್ಪನ ಕಿವಿ ನಿಮಿರಿತು. "ಇವನ ಪರಿಚಯ ಐತೇನ್ರಿ ನಿಮಗ?"

"ಇಲ್ಲದೇನ್ರಿ ಯಜಮಾನ್ರ? ಹೋದ ತಿಂಗಳ ಬಂದು ಎರಡ ತಾಸ ಕುಂತಿದ್ದ. ಅಳತಿ-ಗಿಳತಿ ಎಲ್ಲಾ ಕೇಳಿಕೊಂಡ ಹೋಗ್ಯಾನ."

ಹೋದ ತಿಂಗಳು! ಆಗ ಟಾಪು ಇಡಿಯಾಗಿತ್ತು. ಅಮಸಿದ್ದಪ್ಪ ಗುರುಪಾದನ ಮುಖ ನೋಡಿದ. ಅವನು ಜೀಪಿನಿಂದ ಹಳೆಯ ಟಾಪಿನ ಸುರುಳಿ ಇಳಿಸುವುದರಲ್ಲಿ ಮಗ್ನನಾಗಿದ್ದ; ಅಥವಾ ಮಗ್ನನಾದ ಹಾಗೆ ತೋರಿಸುತ್ತಿದ್ದ.

ನೀಲಕಂಠ ಹೊಸ ಬಟ್ಟೆಯ ಸುರುಳಿಗಳನ್ನು ಎಳೆದು ಹಾಕಿದ. ಮೊದಲನೆಯದು ಕರಿಯ ರೆಗ್ಜಿನ್. ಎಮ್ಮೆಯ ಬೆನ್ನಿನ ಹಾಗೆ ಮಿಂಚುತ್ತಿತ್ತು. ಎರಡನೆಯದು ತೆಳ್ಳನೆಯ ಕ್ಯಾನ್ವಾಸು. ಮೂರನೆಯದು ಮಿಲಿಟರಿ ಬಣ್ಣದ ದಪ್ಪ ಕ್ಯಾನ್ವಾಸು. ಅಮಸಿದ್ದಪ್ಪ ಒಂದೊಂದನ್ನೂ ಎರಡು ಬೆರಳಲ್ಲಿ ತಿಕ್ಕಿದ, ಮೂಸಿದ, ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದ. ಕುರಿ ಕೊಳ್ಳುವಾಗ ಹಲ್ಲು ನೋಡುವ ಕಣ್ಣು ಅದು.

"ಯಾವದು ಹಾಕಸೂಣಲೇ?" ಎಂದು ಬೇಕೆಂದೇ ಕೇಳಿದ.

"ನಿನಗ ಬಿಟ್ಟದ್ದು ಮಾವ. ಮರಿ ತೊಯ್ಯಬಾರದು, ಅಷ್ಟ ನೋಡು."

ಎರಡು ವರ್ಷ ರೆಗ್ಜಿನ್ ರೆಗ್ಜಿನ್ ಎಂದವನು ಈಗೇಕೆ ಸುಮ್ಮನಾದ? ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ಇವನು ಸುಮ್ಮನಿರುವುದು, ಅವನು ರೆಗ್ಜಿನ್ ಹೊಗಳುವುದು. ಅಮಸಿದ್ದಪ್ಪ ನೀಲಕಂಠನ ಕಡೆ ತಿರುಗಿ ಕಾದ.

ನೀಲಕಂಠ ರೆಗ್ಜಿನ್ನನ್ನು ಬಾಯಿಗೆ ಒತ್ತಿ ಹಾ ಎಂದು ಉಸಿರು ಬಿಟ್ಟು, ತಿರುಗಿಸಿ ತೋರಿಸಿದ. ತೇವ ಹಾಗೇ ನಿಂತಿತ್ತು. "ಇದರಾಗ ಹೊರಗಿನ ನೀರು ಒಳಗ ಬರೂದಿಲ್ಲ ಖರೆ. ಒಳಗಿನ ಉಸರೂ ಹೊರಗ ಹೋಗೂದಿಲ್ಲ. ಮರಿ ತುಂಬಿದ್ರಿ ಅಂದ್ರ ಬೆವತು ಅವುರ ಮೈಮ್ಯಾಲೇ ಹನಿ ಬೀಳತಾವು. ನಿಮಗ ದಪ್ಪ ಕ್ಯಾನ್ವಾಸೇ ಛಲೋ."

ಇದು ಅಮಸಿದ್ದಪ್ಪನ ಮನಸ್ಸಿನ ಮಾತೇ ಆಗಿತ್ತು. ಅದಕ್ಕೇ ಅವನಿಗೆ ಇನ್ನಷ್ಟು ಅನುಮಾನ ಬಂತು. ನನ್ನ ಮನಸ್ಸಿನಲ್ಲಿರುವುದು ಇವನಿಗೆ ಯಾರು ಹೇಳಿದರು? ಆದರೂ ಬೇರೆ ಹೇಳಲು ಬಾಯಿಲ್ಲದೆ, ದಪ್ಪ ಕ್ಯಾನ್ವಾಸಿನ ಮೇಲೆ ಕೈಯಿಟ್ಟ.

"ಹಳೇದನ್ನ ಹಾಸ್ರಿ. ಅದರ ಮ್ಯಾಲೇ ಹೊಸದರ ಅಳತಿ ಹಿಡಿಯೂಣು," ಎಂದ ನೀಲಕಂಠ.

ಕತ್ತರಿಸುವ ಕಟ್ಟೆಯ ಮೇಲೆ ಹಳೆಯ ಟಾಪು ಬಿಚ್ಚಿಕೊಂಡಿತು. ಅಮಸಿದ್ದಪ್ಪ ಇದಕ್ಕೇ ಕಾಯುತ್ತಿದ್ದ. ಸೀಳಿನ ಮೇಲೆ ಬೆರಳಿಟ್ಟು, ಕಣ್ಣು ಗುರುಪಾದನ ಮೇಲಿಟ್ಟು, ಕೇಳಿದ: "ನೀವು ಬಟ್ಟಿ ಕಸಬಿನವ್ರು. ಇದು ಯಾವ ಹತಾರದ್ದು, ಹೇಳ್ರಿ ನೋಡೂಣು."

ನೀಲಕಂಠ ಬಗ್ಗಿದ. "ಭಾಳ ನೆಟ್ಟಗ ಐತಿ… ಕತ್ತರಿ ಆಡಿಸಿಧಾಂಗ ಕಾಣತೈತಿ."

ಅಮಸಿದ್ದಪ್ಪನಿಗೆ ಗೆದ್ದೆ ಅನ್ನಿಸಲಿಲ್ಲ. ಮುಧೋಳದ ಮನೆಯ ಬಾಗಿಲಲ್ಲಿ ಸಾತವ್ವ ನೀರಿನ ತಂಬಿಗೆ ಹಿಡಿದು ನಿಂತದ್ದು ಕಣ್ಣಿಗೆ ಬಂತು.

ನೀಲಕಂಠ ಸೀಳಿನ ಎರಡೂ ಅಂಚು ಹಿಡಿದು ಹತ್ತಿರ ಎಳೆದ. ಅವು ಕೂಡಲಿಲ್ಲ. ಮತ್ತೆ ಎಳೆದ, ಆಚೀಚೆ ಬಟ್ಟೆ ನೆರಿಗೆ ಬಿದ್ದಿತೇ ಹೊರತು ಅಂಚಿಗೆ ಅಂಚು ಸೇರಲಿಲ್ಲ. "ಅರೆ! ಕತ್ತರಿಸಿದ್ರ ಹೊಳ್ಳಿ ಕೂಡಬೇಕಲ್ಲ? ಇಲ್ಲಿ ಎರಡ ಬೆರಳಿನಷ್ಟ ಬಟ್ಟೀನ ಇಲ್ಲ. ಯವ್ವಾ, ಇತ್ತ ಬಾ ಒಂದೀಟು."

ಶೇವಂತಿ ಸೊಂಟ ಹಿಡಿದುಕೊಂಡು ಎದ್ದು ಬಂದಳು. ಕಣ್ಣಿಗಿಂತ ಅವಳ ಹೆಬ್ಬೆರಳು ಚುರುಕು. ಎಳೆ ಬಿಚ್ಚಿ ಜೂಲಾಗಿದ್ದ ಅಂಚಿನ ಮೇಲೆ ಅದನ್ನು ಆಡಿಸಿದಳು. ಬಟ್ಟೆಯನ್ನು ಹಳೆಯ ಮಡಿಕೆಗೇ ಮಡಚಿದಳು; ಸೀಳು ಸರಿಯಾಗಿ ಮಡಿಕೆಯ ತುದಿಗೆ ಬಂತು. ಆಮೇಲೆ ಬೆರಳು ನೆನೆಸಿ, ಬಟ್ಟೆಗೆ ಒತ್ತಿ, ನಾಲಿಗೆಗೆ ಹಚ್ಚಿಕೊಂಡಳು.

"ಹುಣಸಿ ಬೀಜ!" ಎಂದು ನಕ್ಕಳು. "ಕತ್ತರಿ ಅಲ್ಲೋ, ಇಲಿ. ನಮ್ಮ ಮಗ್ಗದ ಗಂಜಿ ನೂಲನೂ ಹಿಂಗೇ ತಿಂತಾವು ಹಾಳಾದವು. ಮಡಿಕಿ ಮ್ಯಾಲ ಸಾಲಾಗಿ ಕುಂತು ಉಂಡಾವು. ಮಡಚಿದ್ದು ಬಿಚ್ಚಿದ್ರ ನೆಟ್ಟಗ ಕಾಣೂದೇ. ನೋಡಿಲ್ಲಿ, ಹಲ್ಲ ಆಡಿಸಿದ್ದು ಕೈಗೆ ಹತ್ತತೈತಿ."

ನೀಲಕಂಠ ಮುಟ್ಟಿ ನೋಡಿ ಹೌದೆಂದ. ಗುರುಪಾದನೂ ಮುಟ್ಟಿದ. ಅಮಸಿದ್ದಪ್ಪ ಮುಟ್ಟಲಿಲ್ಲ.

"ಕ್ಯಾನ್ವಾಸಿಗೆ ಕಂಬಳಿ ಸರಿ ಹಚ್ಚಿದ ಶ್ಯಾಣ್ಯಾ ಯಾರಪಾ?" ಎಂದಳು ಶೇವಂತಿ.

"ನಾ ಊರಾಗ ಇರಲಿಲ್ಲ ಆಯಿ," ಎಂದ ಗುರುಪಾದ, ಮಾವನ ಕಡೆ ನೋಡುತ್ತ.

"ಯಾರೋ ಏನೋ. ಮನ್ಯಾಗ ಮಂದಿ ಭಾಳ," ಎಂದು ಅಮಸಿದ್ದಪ್ಪ ಬೀದಿಯ ಕಡೆ ಮುಖ ಮಾಡಿದ.

ಆದರೂ ಅನುಮಾನದ ಹುಳ ಪೂರ್ತಿ ಸತ್ತಿರಲಿಲ್ಲ. ಗುರುಪಾದ ಚಹಾ ಹೇಳಿಬರಲು ಹೋದಾಗ ಮೆಲ್ಲಗೆ ನೀಲಕಂಠನನ್ನು ಕೇಳಿದ: "ಹೋದ ತಿಂಗಳ ಬಂದಾಗ ಏನ ಕೇಳಿದ್ನರೀ ಇವ?"

"ಅದಾ? ಹಳೇದಕ್ಕ ತ್ಯಾಪಿ ಹಾಕಿ ಇನ್ನ ಎರಡ ವರ್ಷ ನಡಸಾಕ ಬರತೈತೇನು ಅಂತ. ಹೊಸದು ಅಂದ್ರ ಮಾವಗ ಸಿಟ್ಟು ಬರತೈತಿ, ಅದನ್ನೇ ಹ್ಯಾಂಗರ ಉಳಸೂಣು ಅಂದ. ರೆಗ್ಜಿನ್ ಬ್ಯಾಡ ಅಂತ ಅವತ್ತೇ ನಾ ಅವಗ ತಿಳಿಸಿ ಹೇಳೀನಿ."

ಅಮಸಿದ್ದಪ್ಪ ಚಹಾ ಕುಡಿದ.

ಹೊಲಿಗೆ ಮುಗಿಯುವಷ್ಟರಲ್ಲಿ ಹೊತ್ತು ವಾಲಿತ್ತು. ನೀಲಕಂಠ ಅಂಚಿಗೆ ಇಮ್ಮಡಿ ಪಟ್ಟಿ ಕೊಟ್ಟು, ಹಿತ್ತಾಳೆ ರಿಂಗು ಬಡಿದು, ಹಿಂದೆ ನೋಡಲು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಕೂಡಿಸಿದ್ದ. ಜೀಪಿನ ಕಬ್ಬಿಣದ ಕಮಾನುಗಳಿಗೆ ಎಣ್ಣೆ ಹಚ್ಚುತ್ತ, "ಹಿಂದಿನ ಸಾಮಾನ ಎಲ್ಲಾ ತಗೀರಿ, ಕಾಲಿಡಾಕ ಜಾಗಾ ಇಲ್ಲ," ಎಂದ.

ಅಮಸಿದ್ದಪ್ಪ ಏಳುವ ಮುಂಚೆಯೇ ಗುರುಪಾದ ಒಳಗೆ ಹತ್ತಿದ್ದ. ಕಂಬಳಿ ತೆಗೆದ. ಕತ್ತರಿ ತೆಗೆದ. "ಇದೊಂದು ಮರತೇ ಬಿಟ್ಟಿದ್ದೆ. ಸಾಣಿ ಹಿಡಿಸಿಕೊಂಡ ಬಾ ಅಂದಿದ್ಲು ಅತ್ತಿ," ಎಂದು ಪಕ್ಕಕ್ಕಿಟ್ಟ. ಆಮೇಲೆ ಚೀಲ ತೆಗೆದ. ಬಾಯಿ ಬಿಚ್ಚಿ ನೋಡಿದ.

"ಮಾವ, ಇದು ನನ್ನ ಬಟ್ಟಿ."

ಅಮಸಿದ್ದಪ್ಪ ಅವನು ತೆಗೆದಿಟ್ಟ ಕಂಬಳಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಹೊಳ್ಳಿ ಬರೂ ಮುಂದ ಮುಧೋಳಕ್ಕ ಹೋಗಿ ಅವ್ವನ್ನ ನೋಡೂಣು ಅಂದಿದ್ದಿ. ನೋಡಿ ಬರಾಕ ಮೂರ ಅಂಗಿ ಯಾಕ?" ಗುರುಪಾದ ಕಟ್ಟೆಯ ಮೇಲಿನ ಹಳೆಯ ಟಾಪನ್ನು ನೋಡಿದ, ಕತ್ತರಿಯನ್ನು ನೋಡಿದ. "ಯಾವ ಹತಾರದ್ದು ಅಂತ ಕೇಳಿದ್ದು ಇದಕ್ಕೇನು?"

ಅವನು ಇಳಿದು ಬಂದು ಜೀಪಿನ ಕೀಲಿಯನ್ನು ಬಾನೆಟ್ ಮೇಲಿಟ್ಟ. "ಟಾಪ ಹೊಚ್ಚಿ ಕೊಡತೀನಿ. ಹೊಡಕೊಂಡ ಹೋಗಾಕ ಬ್ಯಾರೆ ಯಾರನರ ನೋಡಿಕೋ. ನಾ ಬಸ್ಸಿಗೆ ಹೋಕ್ಕೀನಿ."

ನೀಲಕಂಠ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಯಾರ ಮುಖವನ್ನೂ ನೋಡದೆ, "ಹಿಡೀರಿ, ಹಿಡೀರಿ," ಎಂದ.

ಮೂವರೂ ಸೇರಿ ಟಾಪನ್ನು ಕಮಾನುಗಳ ಮೇಲೆ ಎತ್ತಿ ಹಾಕಿದರು. ಹೊಸ ಕ್ಯಾನ್ವಾಸು ಬಿರುಸು, ಬಗ್ಗುವುದಿಲ್ಲ. ನೀಲಕಂಠ ಮುಂದೆ ಗಾಜಿನ ಚೌಕಟ್ಟಿಗೆ ಸಿಕ್ಕಿಸುತ್ತಿದ್ದ. ಎಡಕ್ಕೆ ಗುರುಪಾದ, ಬಲಕ್ಕೆ ಅಮಸಿದ್ದಪ್ಪ, ಪಟ್ಟಿ ಹಿಡಿದು ಜಗ್ಗುತ್ತಿದ್ದರು. ನಡುವೆ ಬಟ್ಟೆ ಗೋಡೆಯ ಹಾಗೆ ನಿಂತು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಆ ಕಡೆಯಿಂದ ಎಳೆದಾಗ ಈ ಕಡೆಯ ಪಟ್ಟಿ ಕೈಯೊಳಗೆ ಸರ್ರನೆ ಸರಿಯುತ್ತಿತ್ತು, ಅಷ್ಟೇ.

"ಗುರುಪಾದ," ಎಂದ ಅಮಸಿದ್ದಪ್ಪ ಬಟ್ಟೆಗೆ.

"ಎಳಿ ಮಾವ. ಆ ಕಡೆ ಸಡ್ಲ ಐತಿ."

ಎಳೆದ. "ಸರಿ ಹಚ್ಚಿದಾಂವ ನಾನೇ. ನಿಮ್ಮತ್ತಿ ಕೈಲೆ ಅರಿಸಿ, ನಾ ಹಚ್ಚಿದ್ದು. ಜ್ವಾಳದ ಕ್ವಾಣ್ಯಾಗ ಇಟ್ಟಾಂವನೂ ನಾನೇ."

ಆ ಕಡೆ ಬಕಲಿಗೆ ಪಟ್ಟಿ ಬಿದ್ದ ಸದ್ದು ಕೇಳಿಸಿತು.

"ಸಣ್ಣ ಮಾವನ ಮುಂದ ಹೇಳೀಯೇನು, ನಾ ಕೊಯ್ದೀನಿ ಅಂತ?"

ಸಣ್ಣ ಮಾವನೆಂದರೆ ಸಿದರಾಯ. ಇಲ್ಲ ಎನ್ನುವುದು ಸುಲಭವಿತ್ತು. ಅಮಸಿದ್ದಪ್ಪನ ನಾಲಿಗೆಯ ತುದಿಗೂ ಬಂದಿತ್ತು. "ಹೇಳೀನಿ," ಎಂದ.

"ಹಂಗಾರ ನನ್ನ ಮುಂದ ಹೇಳಿ ಏನ ಬಂತು?"

ಟಿಚ್ ಬಟನ್ನುಗಳನ್ನು ಒತ್ತಿ ಮುಗಿಸಿದ ಮೇಲೆ ನೀಲಕಂಠ ಟಾಪನ್ನು ಅಂಗೈಯಿಂದ ಬಡಿದ. ಡೊಳ್ಳಿನ ಹಾಗೆ ಸದ್ದು ಬಂತು. "ಒಂದ ಮಾತ ನೆನಪಿಡ್ರಿ. ಮೊದಲನೇ ಮಳ್ಯಾಗ ಒಂದೆರಡ ಕಡೆ ಹನೀತೈತಿ. ಎಳಿ ನೆನದು ಉಬ್ಬಿದ ಮ್ಯಾಲ ತಾನ ನಿಲ್ಲತೈತಿ. ನೀವು ಮಾತ್ರ ಏನೂ ಹಚ್ಚಾಕ ಹೋಗಬ್ಯಾಡ್ರಿ."

ಅಮಸಿದ್ದಪ್ಪ ಅಂಗಡಿಯೊಳಗೆ ಹೋದ. ಶೇವಂತಿ ಹಳೆಯ ಟಾಪನ್ನು ಚಿಂದಿಯ ಮೂಲೆಗೆ ಎಳೆದು ಹಾಕಿದ್ದಳು. ಅವನು ಕುಕ್ಕರುಗಾಲಲ್ಲಿ ಕುಳಿತು, ಅದೇ ಕುರಿಕತ್ತರಿಯಿಂದ, ಇಲಿ ತಿಂದ ಅಂಚನ್ನು ಒಂದು ಗೇಣಿನಷ್ಟು ಕತ್ತರಿಸಿಕೊಂಡ. ಮೊದಲ ಸಲ ಹೆಬ್ಬೆರಳು ಆಡಿಸಿ ನೋಡಿದ. ಹಲ್ಲಿನ ಗುರುತು ಕೈಗೆ ಹತ್ತಿತು.

"ಆ ಚಿಂದಿ ಯಾಕ ತಮ್ಮಾ?" ಎಂದಳು ಶೇವಂತಿ.

"ಮನ್ಯಾಗ ತೋರಸೂದೈತಿ ಬೇ. ನನ್ನ ತಮ್ಮಗ, ಆಮ್ಯಾಲ ಇವರವ್ವಗ. ಬರೇ ಬಾಯಿಲೆ ಹೇಳಿದ್ರ ಅವ್ರೂ ನನ್ನಂಗ ನಂಬಾಣಿಲ್ಲ."

ಬಾಗಿಲಲ್ಲಿ ಚೀಲ ಹಿಡಿದು ನಿಂತ ಗುರುಪಾದ ಇದನ್ನು ಕೇಳಿಸಿಕೊಂಡ. ಅಮಸಿದ್ದಪ್ಪ ಚಿಂದಿಯನ್ನು ಮಡಚಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡು, ಹೊರಗೆ ಬಂದು ತನ್ನ ಜಾಗದಲ್ಲಿ ಕುಳಿತ. ಬಾನೆಟ್ ಮೇಲಿನ ಕೀಲಿಯನ್ನು ತಾನು ಮುಟ್ಟಲಿಲ್ಲ. ಬೀದಿಯಲ್ಲಿ ಒಂದು ಆಟೋ ಹೋಯಿತು, ನೂಲಿನ ಮೂಟೆ ಹೊತ್ತ ಸೈಕಲ್ ಹೋಯಿತು.

ಗುರುಪಾದ ಬಂದು ಕೀಲಿ ತೆಗೆದುಕೊಂಡ. ಚೀಲವನ್ನು ಹಿಂದೆ ಹಾಕಲಿಲ್ಲ. ಇಬ್ಬರ ನಡುವಿನ ಸೀಟಿನ ಮೇಲೆ ಇಟ್ಟ.

"ಮುಧೋಳಕ್ಕೋ ಹುನ್ನೂರಿಗೋ?"

"ಮೊದಲ ಹುನ್ನೂರಿಗೆ. ಸಿದರಾಯನ ಮುಂದ ಹೇಳೂದೈತಿ. ಆಮ್ಯಾಲ ನೀ ಎಲ್ಲಿ ಅಂತೀ ಅಲ್ಲಿ."

ಗುರುಪಾದ ಜೀಪು ಚಾಲೂ ಮಾಡಿದ.

ಜಮಖಂಡಿ ಇನ್ನೂ ಹರದಾರಿ ಇರುವಾಗ ಮಳೆ ಹಿಡಿಯಿತು. ಹೊಸ ಬಟ್ಟೆಯ ಮೇಲೆ ಜೋಳ ಸುರಿದಂಥ ಸದ್ದು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಹನಿ ಅಮಸಿದ್ದಪ್ಪನ ಕತ್ತಿಗೆ ತಣ್ಣಗೆ ಬಿತ್ತು. ಆ ನೀಲಕಂಠ ತೆಳ್ಳನೆಯ ಬಟ್ಟೆಯನ್ನೇ ಹಾಕಿ ಕೊಟ್ಟನೇನು? ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಎರಡನೆಯ ಹನಿ ಬಟ್ಟೆಚೀಲದ ಮೇಲೆ ಬಿತ್ತು, ಮೂರನೆಯದೂ ಅಲ್ಲೇ. ಅಮಸಿದ್ದಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಚೀಲಕ್ಕೆ ಹೊದಿಸಿದ.

ಗುರುಪಾದ ಒಮ್ಮೆ ಅತ್ತ ನೋಡಿ, ಮತ್ತೆ ರಸ್ತೆಯ ಕಡೆ ಕಣ್ಣಿಟ್ಟು, ಹುನ್ನೂರಿನ ದಾರಿಗೆ ಜೀಪು ಹೊಡೆದ.